ಜಾಗ ಅಡವಿಟ್ಟು ಲಾ ಕಾಲೇಜು ಬದಲಿಸಬೇಡಿ

ಹುಬ್ಬಳ್ಳಿಯ ಕಾಲೇಜು ಬಿಟ್ಟು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲವೆಂದು ನಮ್ಮ ಬಳಗದಲ್ಲಿ ಇವತ್ತಿಗೂ ನನ್ನನ್ನು ಹಟಮಾರಿ ಅನ್ನುತ್ತಾರೆ. ಅನ್ನಲಿ. ಉತ್ತರ ಕನ್ನಡದ ರಾಮನಗರ, ಜೋಯಿಡಾ, ಹಳಿಯಾಳ ಕಡೆಯಿಂದ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ.ಗೆ ಸೇರಿದ ಮಕ್ಕಳ ಮನೆಗಳಲ್ಲೂ ಈಗ ಕಾಲೇಜು ಬದಲಿಸುವ ಮಾತು ಎದ್ದಿದೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಆ ಮಾತು ತೆಗೆದವರು ಮಾಮಾ. ಎರಡನೇ ವರ್ಷದ ಪರೀಕ್ಷೆ ಮುಗಿಸಿ ನಾನು ರಜೆಗೆ ಬಂದಿದ್ದೆ. "ಹುಬ್ಬಳ್ಳ್ಯಾಗ ಓದಿದವರನ್ನ ಬೆಂಗಳೂರಾಗ ಯಾರ ಕೇಳ್ತಾರ? ಹುಡುಗಿ ಶಾಣ್ಯಾ ಅದಾಳ, ರೊಕ್ಕದ ಮಾರಿ ನೋಡಬ್ಯಾಡ್ರಿ" ಎಂದು ಅಪ್ಪನ ತಲೆ ತುಂಬಿದರು. ಅವರ ಗುರುತಿನ ಏಜೆಂಟನೊಬ್ಬ ನೇರ ಮೂರನೇ ವರ್ಷಕ್ಕೇ ಸೀಟು ಕೊಡಿಸುತ್ತೇನೆಂದ. ಬರೆದು ಕೊಡಿ ಎಂದು ನಾನು ಕೇಳಿದ್ದಕ್ಕೆ ಮಾಮಾಗೆ ಸಿಟ್ಟು ಬಂತು.

ಬೇಕಾಗಿದ್ದ ಸಾಲ 8 ಲಕ್ಷ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ನಮಗಿದ್ದ ಆಸ್ತಿ ಒಂದೇ: ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದಾಗ ಅಜ್ಜನಿಗೆ ರಾಮನಗರದಲ್ಲಿ ಸಿಕ್ಕ ಜಾಗ.

ದಾಂಡೇಲಿಯ ಬ್ಯಾಂಕಿಗೆ ಅಪ್ಪ ಉತಾರ, ಹಕ್ಕುಪತ್ರ, ವಾರಸಾ ಕಾಗದ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಅಧಿಕಾರಿ ಹಕ್ಕುಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಸಲು ನಮ್ಮ ಹತ್ರ ಇರ್ತದ, ಸಾಲ ತೀರಿದ ಮ್ಯಾಲೆ ಒಯ್ರಿ" ಎಂದರು. ಸಹಿ ಬೀಳಬೇಕಾದ ಕಡೆಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಓದಲೆಂದು ನಾನು ಕೈ ಚಾಚಿದರೆ, "ಓದೋದೇನದ? ಎಲ್ಲಾರಿಗೂ ಇದ ಫಾರ್ಮು" ಎಂದು ತಮ್ಮ ಕಡೆಗೆ ಎಳೆದುಕೊಂಡರು. ಕಾನೂನು ಓದುತ್ತಿದ್ದವಳಿಗೆ ಹೀಗೆ! ತಿಂಗಳ ಕಂತು ಎಷ್ಟಾಗುತ್ತದೆ ಎಂದು ಕೇಳಿದೆ. "ಅದು ಕೋರ್ಸ್ ಮುಗಿದ ಮ್ಯಾಲಿನ ಮಾತು" ಎಂಬ ಉತ್ತರ ಬಂತು.

ಅಷ್ಟರಲ್ಲಿ ಅಪ್ಪ ಪೆನ್ನಿನ ಮುಚ್ಚಳ ತೆಗೆದಿದ್ದರು. ಗ್ಯಾರೇಜಿನ ಕೆಲಸದಿಂದ ಎದ್ದು ಬಂದವರು. ಹೆಬ್ಬೆರಳಿನ ಗ್ರೀಸು ಕಾಗದಕ್ಕೆ ತಾಗಬಾರದೆಂದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಶೇ 11ರ ಬಡ್ಡಿಯಲ್ಲಿ 10 ವರ್ಷ ತೀರಿಸಿದರೆ ತಿಂಗಳಿಗೆ ಸುಮಾರು 11,000 ರೂಪಾಯಿ, ಒಟ್ಟು 13 ಲಕ್ಷಕ್ಕೂ ಮೇಲೆ. ಓದುವ ವರ್ಷಗಳ ಬಡ್ಡಿ ಬೇರೆ. "ಅಪ್ಪಾ, ಸಹಿ ಮಾಡಬ್ಯಾಡ" ಎಂದು ಕಾಗದದ ಮೇಲೆ ಕೈಯಿಟ್ಟೆ. ಬ್ಯಾಂಕಿನ ತುಂಬ ಜನರಿದ್ದರು. ಅವರೆಲ್ಲರೆದುರು ಮಾಮಾ ನನ್ನನ್ನು ಬೈದರು, ಮರ್ಯಾದೆ ಕಳೆದೆ ಎಂದರು. ಅಧಿಕಾರಿ, "ಮನೆಯಾಗ ಮಾತಾಡ್ಕೊಂಡು ಬರಬೇಕು" ಎಂದು ಮುಂದಿನವರನ್ನು ಕರೆದರು. ಅಪ್ಪ ಮಾತ್ರ ಮಾತಿಲ್ಲದೆ ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ಹಕ್ಕುಪತ್ರ ನಾನೇ ಚೀಲಕ್ಕೆ ಹಾಕಿಕೊಂಡು ಬಂದೆ.

ಆಮೇಲೆ ಒತ್ತಿ ಕೇಳಿದಾಗ ಏಜೆಂಟ್ ಬಾಯಿ ಬಿಟ್ಟ: ಸೀಟು ಇದ್ದದ್ದು ಮೊದಲನೇ ವರ್ಷಕ್ಕೆ. ಓದಿದ ಎರಡು ವರ್ಷ ನೀರಿಗೆ ಹೋಗುತ್ತಿತ್ತು.

ಕಾಲೇಜು ಯಾವುದೇ ಇರಲಿ, ಈ ರಾಜ್ಯದಲ್ಲಿ ವಕೀಲಿಕೆ ಮಾಡುವವರಿಗೆ ಸನ್ನದು ಕೊಡುವುದು ಅದೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಬರೆಯಬೇಕಾದದ್ದು ಅದೇ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ ಕಾಯ್ದೆ ಹೇಳುವ 750 ರೂಪಾಯಿಗಿಂತ, ಪರಿಶಿಷ್ಟರಿಗಾದರೆ 125 ರೂಪಾಯಿಗಿಂತ, ಹೆಚ್ಚು ಶುಲ್ಕ ಕೇಳುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೈಕೋರ್ಟ್ ನೋಡಲು ನಮಗೆ ಬೆಂಗಳೂರೇ ಬೇಕಿಲ್ಲ. 2008ರಲ್ಲಿ ಧಾರವಾಡಕ್ಕೆ ಬಂದ ಪೀಠ 2013ರಿಂದ ಕಾಯಂ ಆಗಿದೆ.

ನಾನೀಗ ಅಲ್ಲೇ ಹಿರಿಯ ವಕೀಲರೊಬ್ಬರ ಜೂನಿಯರ್. ಸಿಗುವ ಹಣ ಖೋಲಿ ಬಾಡಿಗೆಗೂ ಬಸ್ಸಿಗೂ ಸರಿಹೋಗುತ್ತದೆ. ತಲೆಯ ಮೇಲೆ 11,000ದ ಕಂತು ಇದ್ದಿದ್ದರೆ ಕರಿಕೋಟು ಬಿಚ್ಚಿಟ್ಟು ಯಾವುದಾದರೂ ಕಂಪನಿಯ ಸಂಬಳಕ್ಕೆ ಹೋಗಲೇಬೇಕಿತ್ತು. ವಕೀಲಿಕೆಯ ಮೊದಲ ವರ್ಷಗಳನ್ನು ಸಾಲಗಾರರು ತಾಳಿಕೊಳ್ಳುವುದು ಕಷ್ಟ. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ.

ಹೊರಡುವ ಮನಸ್ಸಿದ್ದವರು ಇಷ್ಟು ಮಾಡಿ. ಎಷ್ಟನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆಂದು ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆಯಿರಿ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದಾದರೆ, ಎರಡು ಕಡೆಯೂ ಪದವಿ ಕೊಡುವುದು ಹುಬ್ಬಳ್ಳಿಯ ನವನಗರದ ಅದೇ ವಿಶ್ವವಿದ್ಯಾಲಯ ಎಂಬುದು ನೆನಪಿರಲಿ. ದೊಡ್ಡ ಕಂಪನಿಗಳ ಕೆಲಸವೇ ಗುರಿಯಾದರೆ ಸಿಎಲ್‌ಎಟಿ ಬರೆದು ರಾಷ್ಟ್ರೀಯ ಕಾನೂನು ಶಾಲೆಗೆ ಪ್ರಯತ್ನಿಸಿ. ಅದಕ್ಕೆ ಮಾಡುವ ಸಾಲಕ್ಕೆ ಒಂದು ಅರ್ಥವಿದೆ. ಕಂತಿನ ಮೊತ್ತ ಗೊತ್ತಾಗದೆ ಯಾರೂ ಸಹಿ ಹಾಕಬೇಡಿ.

ಅಂದು ಬ್ಯಾಂಕಿನಲ್ಲಿ ನಮ್ಮ ಮಾಮಾ ತಮ್ಮ ಹೆಸರಿನ ಒಂದು ಕಾಗದವನ್ನೂ ಮೇಜಿನ ಮೇಲಿಡಲಿಲ್ಲ. ಬೇರೆಯವರ ಮಕ್ಕಳಿಗೆ ಸಾಲದ ಸಲಹೆ ಕೊಡುವವರು ಮೊದಲು ಜಾಮೀನಿಗೆ ಸಹಿ ಹಾಕಲಿ.