ಪಟ್ಟ ಸಿಕ್ಕ ಮೇಲೆ ಅಧಿಕಾರ ಕೈಗೆ ಬರುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಟ್ಯೂಡರ್ ದೊರೆ ಏಳನೆಯ ಹೆನ್ರಿ ಪಟ್ಟಕ್ಕೆ ಬಂದ ಹೊಸತರಲ್ಲೇ ಅಧಿಕಾರ ಭದ್ರಪಡಿಸಿಕೊಂಡ ಎಂದು ಓದಿದೆ. ನಮ್ಮ ಕಡೆ ಅಂಥ ಉದಾಹರಣೆ ಇದೆಯೇ?
– ಓದುಗರು, ಉಬ್ರಾಣಿ

ಉತ್ತರ: ಪಟ್ಟಾಭಿಷೇಕವಾದ ಮಾತ್ರಕ್ಕೆ ಎಲ್ಲರೂ ತಲೆಬಾಗುತ್ತಾರೆಯೇ ಎಂಬುದು ನಿಮ್ಮ ಸಂದೇಹವಲ್ಲವೇ? ಖಂಡಿತ ಇಲ್ಲ. ಹೆನ್ರಿ 1485ರ ಆಗಸ್ಟ್ 22ರಂದು ಯುದ್ಧ ಗೆದ್ದ. ಆದರೆ ತನ್ನ ಆಳ್ವಿಕೆ ಹಿಂದಿನ ದಿನವೇ ಶುರುವಾಯಿತೆಂದು ಲೆಕ್ಕ ಹಾಕಿಸಿದ. ಹಾಗಾಗಿ ಎದುರು ನಿಂತು ಕಾದಾಡಿದವರೆಲ್ಲ ರಾಜದ್ರೋಹಿಗಳಾದರು, ಅವರ ಆಸ್ತಿಗೂ ಕೈಹಾಕಬಹುದಾಯಿತು. ಮುಂದಿನ ಜನವರಿಯಲ್ಲಿ ಎದುರು ಮನೆತನದ ಎಲಿಜಬೆತ್‌ಳನ್ನು ಮದುವೆಯಾದ.

ನೀವು ಕೇಳಿದ ಉದಾಹರಣೆ ದೂರವೇನಿಲ್ಲ. ನಿಮ್ಮ ತಾಲ್ಲೂಕಿನ ಊರು ಚನ್ನಗಿರಿಗೆ ಹೆಸರು ಬಂದದ್ದೇ ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಇಲ್ಲಿ ಹಲವರು ಎಡವುತ್ತಾರೆ: ಈಕೆ 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರು ಚೆನ್ನಮ್ಮ ಅಲ್ಲ. ಹೆಸರು ಒಂದೇ, ಇಬ್ಬರೂ ದತ್ತು ತೆಗೆದುಕೊಂಡವರು, ಹಾಗಾಗಿ ಗೊಂದಲ ಸಹಜ. ಕೆಳದಿಯವರು ಒಂದೂವರೆ ಶತಮಾನದಷ್ಟು ಹಿಂದಿನವರು.

1671ರ ಸುಮಾರಿಗೆ ಗಂಡ, ಕೆಳದಿಯ ದೊರೆ ಸೋಮಶೇಖರ ನಾಯಕನ ಕೊಲೆಯಾಯಿತು. ಮಕ್ಕಳಿರಲಿಲ್ಲ. ಅರಮನೆಯೊಳಗೆ ಒಳಸಂಚು, ಹೊರಗೆ ಬಿಜಾಪುರದ ಸೈನ್ಯ. ರಾಣಿ ರಾಜಧಾನಿ ಬಿದನೂರಿನಲ್ಲೇ ಕಾದು ಕೂರಲಿಲ್ಲ. ಭುವನಗಿರಿ ದುರ್ಗ ಸೇರಿಕೊಂಡರು. ಅದೇ ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ. ಸುತ್ತ ದಟ್ಟ ಮಲೆನಾಡು, ಒಂದರೊಳಗೊಂದು ಕಲ್ಲಿನ ಕೋಟೆ. ಅಲ್ಲಿಂದಲೇ ನಂಬಿಗಸ್ತ ದಂಡನಾಯಕರನ್ನು ಒಗ್ಗೂಡಿಸಿ ರಾಜ್ಯವನ್ನು ಉಳಿಸಿಕೊಂಡರು. ಊರು ಬಿಟ್ಟದ್ದನ್ನು ಹೇಡಿತನ ಎನ್ನಬೇಡಿ, ನನಗದು ಲೆಕ್ಕಾಚಾರವಾಗಿಯೇ ಕಾಣುತ್ತದೆ.

ಆದರೂ ಎಲ್ಲಕ್ಕಿಂತ ಜಾಣ ಹೆಜ್ಜೆ ದತ್ತು. ಬಸಪ್ಪನನ್ನು ಮಗನನ್ನಾಗಿ ಸ್ವೀಕರಿಸಿದ್ದರಿಂದ ‘ಮುಂದೆ ಯಾರು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೆನ್ರಿಗೆ ಮದುವೆಯಿಂದ ಆದ ಕೆಲಸ ಇಲ್ಲಿ ದತ್ತುವಿನಿಂದ ಆಯಿತು. ಕರಾವಳಿ ವ್ಯಾಪಾರವನ್ನೂ ಮರೆಯಲಿಲ್ಲ: 1678ರಲ್ಲಿ ಗೋವೆಯ ಪೋರ್ಚುಗೀಸರೊಂದಿಗೆ ಒಪ್ಪಂದವಾಯಿತು. ಖಜಾನೆ ತುಂಬದೆ ಸೈನ್ಯ ನಿಲ್ಲದು ನೋಡಿ.

ಈ ಅಡಿಪಾಯ ಎಷ್ಟು ಗಟ್ಟಿಯಾಗಿತ್ತೆಂದರೆ, ಮುಂದೆ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನೂ ಎದುರಿಸಿದರು. ಸುಮಾರು 25 ವರ್ಷ ಆಳಿದರು. ಅವರ ನಂತರ ಗದ್ದುಗೆ ಏರಿದ್ದು ಅದೇ ದತ್ತುಮಗ ಬಸಪ್ಪ ನಾಯಕ.