ಲ್ಯುಕೇಮಿಯ ವೈರಸ್ ತಗುಲಿದ ಬೆಕ್ಕಿಗೆ ಲಸಿಕೆ ಬೇಕೆ?

ಲಸಿಕೆಯೆಂಬುದು ರೋಗ ಬರುವುದಕ್ಕೆ ಮೊದಲು ಕೈಗೊಳ್ಳುವ ಉಪಾಯವೆಂದು ನಾವೆಲ್ಲರೂ ಬಲ್ಲೆವು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಪ್ರಯೋಜನವಿಲ್ಲವೆಂಬ ಗಾದೆ ಲಸಿಕೆಯ ವಿಷಯದಲ್ಲಿಯೂ ಸಲ್ಲುವಂಥದೇ. ಹಾಗಾದರೆ, ರಕ್ತದಲ್ಲಿ ಲ್ಯುಕೇಮಿಯದ ವೈರಸ್ ಆಗಲೇ ನೆಲೆಸಿರುವ ಬೆಕ್ಕಿಗೆ ಲಸಿಕೆ ಹಾಕಿಸಬೇಕೆ, ಬೇಡವೆ? ಬೆಕ್ಕನ್ನು ಸಾಕಿದವರು ಪಶುವೈದ್ಯರ ಮುಂದಿಡುವ ಈ ಪ್ರಶ್ನೆ ಮೇಲುನೋಟಕ್ಕೆ ಒಂದೇ ಆಗಿ ಕಂಡರೂ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಆ ಬೆಕ್ಕಿಗೆ ಲ್ಯುಕೇಮಿಯದ ಲಸಿಕೆಯನ್ನೇ ಹಾಕಿಸಬೇಕೆ ಎಂಬುದು ಮೊದಲನೆಯದು. ಇತರ ರೋಗಗಳ ಲಸಿಕೆಗಳನ್ನು ಹಾಕಿಸಬೇಕೆ ಎಂಬುದು ಎರಡನೆಯದು. ಅದರ ಜೊತೆಯಲ್ಲಿ ಬಾಳುತ್ತಿರುವ ಇತರ ಬೆಕ್ಕುಗಳ ಗತಿಯೇನು ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಒಂದೇ ಅಲ್ಲ. ಅವುಗಳನ್ನು ಬಿಡಿಸಿ ನೋಡುವ ಮೊದಲು ಈ ವೈರಸ್ಸಿನ ಸ್ವಭಾವವನ್ನು ತಿಳಿದುಕೊಳ್ಳೋಣ.

ವೈರಸ್ಸಿನ ಪತ್ತೆ

ಸ್ಕಾಟ್ಲೆಂಡಿನಲ್ಲಿ, ಹಲವು ಬೆಕ್ಕುಗಳನ್ನು ಸಾಕಿದ್ದ ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಬೆಕ್ಕು ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ತುತ್ತಾದ ಸಂಗತಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪಶುವೈದ್ಯ ವಿಜ್ಞಾನಿಗಳ ಗಮನಕ್ಕೆ ಬಂದಿತು. ಕ್ಯಾನ್ಸರು ಹೀಗೆ ಒಂದೇ ಮನೆಯಲ್ಲಿ ಗುಂಪುಗೂಡುವುದೇಕೆ? ಅದರ ಹಿಂದೆ ಅಂಟುವ ಕಾರಣವೊಂದು ಇರಬೇಕೆಂದು ವಿಲಿಯಂ ಜಾರೆಟ್ ಶಂಕಿಸಿದರು. ೧೯೬೪ರಲ್ಲಿ ಅವರೂ ಅವರ ಸಂಗಡಿಗರೂ ರೋಗಗ್ರಸ್ತ ಬೆಕ್ಕಿನ ಅಂಗಾಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ವೈರಸ್ಸಿನ ಕಣಗಳನ್ನು ಕಂಡರು. ಒಂದೊಂದು ಕಣದ ಅಡ್ಡಳತೆ ಸುಮಾರು ೧೦೦ ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ೧೯೭೩ರಲ್ಲಿ ಅಮೆರಿಕದ ವಿಲಿಯಂ ಹಾರ್ಡಿ ಮತ್ತು ಅವರ ಸಹೋದ್ಯೋಗಿಗಳು ಇದು ಬೆಕ್ಕಿನಿಂದ ಬೆಕ್ಕಿಗೆ ಹರಡುವುದನ್ನು ತೋರಿಸಿ, ರಕ್ತದಲ್ಲಿ ಅದನ್ನು ಗುರುತಿಸುವ ಪರೀಕ್ಷೆಯೊಂದನ್ನೂ ರೂಪಿಸಿದರು.

ಈ ವೈರಸ್ಸು ಮುಖ್ಯವಾಗಿ ಜೊಲ್ಲಿನ ಮೂಲಕ ಹರಡುತ್ತದೆ. ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಿನಲ್ಲಿ ಉಣ್ಣುವುದು, ಕಚ್ಚಾಡುವುದು ಇವೆಲ್ಲವೂ ಅದಕ್ಕೆ ದಾರಿಗಳು. ತಾಯಿಯಿಂದ ಮರಿಗೂ ಅದು ಬರಬಲ್ಲುದು. ಹೊರಗಿನ ಗಾಳಿ ಬಿಸಿಲುಗಳಲ್ಲಿ ಮಾತ್ರ ಅದು ಬಹುಕಾಲ ಉಳಿಯಲಾರದು. ಸಾಬೂನಿನ ನೀರಿಗೇ ನಾಶವಾಗುತ್ತದೆ. ಮನುಷ್ಯರಿಗೆ ಇದು ಅಂಟುವುದಿಲ್ಲವಾದ್ದರಿಂದ ಬೆಕ್ಕನ್ನು ಮುದ್ದಿಸುವ ಮಕ್ಕಳಿಗೆ ಇದರಿಂದ ಭಯವಿಲ್ಲ.

ಹೆಸರು ಲ್ಯುಕೇಮಿಯದ್ದಾದರೂ ಸೋಂಕು ತಗುಲಿದ ಬೆಕ್ಕುಗಳೆಲ್ಲ ರಕ್ತದ ಕ್ಯಾನ್ಸರಿನಿಂದಲೇ ಸಾಯುತ್ತವೆಂದು ತಿಳಿಯಬಾರದು. ಕೆಲವಕ್ಕೆ ಕ್ಯಾನ್ಸರ್ ಬರುತ್ತದೆ. ಕೆಲವು ರಕ್ತಹೀನತೆಯಿಂದ ಬಳಲುತ್ತವೆ. ಮತ್ತೆ ಕೆಲವು ರೋಗನಿರೋಧಕ ಶಕ್ತಿಯನ್ನು ಕಳೆದುಕೊಂಡು, ಆರೋಗ್ಯವಂತ ಬೆಕ್ಕು ಸುಲಭವಾಗಿ ಗೆಲ್ಲುವ ಸಣ್ಣ ಸೋಂಕುಗಳಿಗೇ ಬಲಿಯಾಗುತ್ತವೆ. ಎರಡನೆಯ ಪ್ರಶ್ನೆಗೆ ಬಂದಾಗ ಈ ಕೊನೆಯ ಸಂಗತಿ ನಮಗೆ ಬೇಕಾಗುವುದು.

ಮೊದಲನೆಯ ಪ್ರಶ್ನೆ: ಲ್ಯುಕೇಮಿಯದ ಲಸಿಕೆ

ಲ್ಯುಕೇಮಿಯದ ಮೊದಲ ಲಸಿಕೆ ಅಮೆರಿಕದಲ್ಲಿ ೧೯೮೫ರಲ್ಲಿ ಬಳಕೆಗೆ ಬಂದಿತು. ಇದನ್ನು ಸೋಂಕು ತಗುಲಿದ ಬೆಕ್ಕಿಗೆ ಹಾಕಿದರೆ ಗುಣವಾದೀತೆ? ಇಲ್ಲವೆಂಬುದೇ ಖಚಿತವಾದ ಉತ್ತರ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಆಕ್ಷೇಪವೆತ್ತಬಹುದು: "ಹುಚ್ಚುನಾಯಿ ಕಚ್ಚಿದ ಮೇಲೆಯೇ ಅಲ್ಲವೆ ಮನುಷ್ಯರಿಗೆ ಲಸಿಕೆ ಹಾಕುವುದು? ಲೂಯಿ ಪಾಸ್ತರರು ೧೮೮೫ರಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿ ಫಲಿಸುವ ಉಪಾಯ ಇಲ್ಲೇಕೆ ಫಲಿಸದು?" ಈ ಆಕ್ಷೇಪಕ್ಕೆ ಸಮಾಧಾನವನ್ನು ಎರಡು ವೈರಸ್ಸುಗಳ ನಡೆಯಲ್ಲಿ ಹುಡುಕಬೇಕು. ಹುಚ್ಚುನಾಯಿ ರೋಗದ ವೈರಸ್ಸು ಗಾಯದಿಂದ ಹೊರಟು ನರಗಳ ಗುಂಟ ಮಿದುಳಿನ ಕಡೆಗೆ ಮೆಲ್ಲಮೆಲ್ಲನೆ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಲಸಿಕೆಯು ದೇಹಕ್ಕೆ ಪ್ರತಿಕಾಯಗಳನ್ನು ತಯಾರಿಸುವ ಪಾಠವನ್ನು ಕಲಿಸಿ ಮುಗಿಸಿರುತ್ತದೆ. ಇದೊಂದು ಓಟದ ಪಂದ್ಯ. ತಡಮಾಡದೆ ಚುಚ್ಚುಮದ್ದು ಕೊಟ್ಟರೆ ಲಸಿಕೆಯೇ ಗೆಲ್ಲುತ್ತದೆ.

ಬೆಕ್ಕಿನ ಲ್ಯುಕೇಮಿಯ ವೈರಸ್ಸು ಹಾಗಲ್ಲ. ಅದು ರೆಟ್ರೋವೈರಸ್ ಎಂಬ ಕುಲಕ್ಕೆ ಸೇರಿದ್ದು. ಇವುಗಳ ಆನುವಂಶಿಕ ಸಾಮಗ್ರಿ ಆರ್.ಎನ್.ಎ. ರೂಪದಲ್ಲಿರುತ್ತದೆ. ಜೀವಕೋಶವನ್ನು ಹೊಕ್ಕೊಡನೆ ವೈರಸ್ಸು ತನ್ನಲ್ಲಿರುವ ಒಂದು ಕಿಣ್ವದ ನೆರವಿನಿಂದ ಅದನ್ನು ಡಿ.ಎನ್.ಎ. ರೂಪಕ್ಕೆ ತಿರುಗಿಸಿ, ಆ ನಕಲನ್ನು ಜೀವಕೋಶದ ಡಿ.ಎನ್.ಎ.ಯೊಳಕ್ಕೇ ಸೇರಿಸಿಬಿಡುತ್ತದೆ. ೧೯೭೦ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಈ ಕಿಣ್ವವನ್ನು ಕಂಡುಹಿಡಿದರು; ೧೯೭೫ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರೂ ಪಾಲುದಾರರಾದರು. ಹಗೆಯು ಮನೆಗೆ ನುಗ್ಗಿ ಅವಿತುಕೊಂಡರೆ ಹುಡುಕಿ ಹೊರದಬ್ಬಬಹುದು; ಮನೆಯ ಕಾಗದಪತ್ರದಲ್ಲಿಯೇ ತನ್ನ ಹೆಸರನ್ನು ಬರೆಸಿಕೊಂಡರೆ ಮಾಡುವುದೇನು? ರಕ್ತಕಣಗಳ ತವರಾದ ಅಸ್ಥಿಮಜ್ಜೆಯ ಜೀವಕೋಶಗಳಲ್ಲಿ ಹೀಗೆ ನೆಲೆಯೂರಿದ ವೈರಸ್ಸನ್ನು ಯಾವ ಲಸಿಕೆಯೂ ಕಿತ್ತೆಸೆಯಲಾರದು.

ಹಾಗೆಂದು ವೈರಸ್ಸಿನ ಸಂಪರ್ಕಕ್ಕೆ ಬಂದ ಬೆಕ್ಕುಗಳ ಗತಿಯೆಲ್ಲ ಒಂದೇ ಅಲ್ಲ. ಕೆಲವು ಬೆಕ್ಕುಗಳು ಅದನ್ನು ಆರಂಭದಲ್ಲಿಯೇ ಸೋಲಿಸುತ್ತವೆ. ಕೆಲವು ಅದನ್ನು ಹತ್ತಿಕ್ಕುತ್ತವೆ. ನಕಲು ಜೀವಕೋಶಗಳಲ್ಲಿ ಉಳಿದರೂ ಹೊಸ ಕಣಗಳು ಹುಟ್ಟುವುದಿಲ್ಲ. ಮೂರನೆಯ ಗುಂಪಿನಲ್ಲಿ ವೈರಸ್ಸು ಎಡೆಬಿಡದೆ ವೃದ್ಧಿಯಾಗಿ ರಕ್ತದಲ್ಲಿಯೂ ಜೊಲ್ಲಿನಲ್ಲಿಯೂ ತುಂಬಿಕೊಳ್ಳುತ್ತದೆ. ಈ ಗುಂಪಿನ ಬೆಕ್ಕುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಸಾಯುತ್ತವೆ. ಒಳ್ಳೆಯ ಆರೈಕೆಯಿಂದ ಬಹುಕಾಲ ಬದುಕಿದವೂ ಉಂಟು. ಮರಿಗಳು ಈ ಮೂರನೆಯ ದಾರಿಗೆ ಬೀಳುವ ಸಂಭವ ಹೆಚ್ಚು. ವಯಸ್ಸು ಬೆಳೆದಂತೆ ತಡೆಯುವ ಶಕ್ತಿಯೂ ಬೆಳೆಯುತ್ತದೆ.

ಆದುದರಿಂದ ಲ್ಯುಕೇಮಿಯ ಲಸಿಕೆಗೆ ಮೊದಲು ರಕ್ತಪರೀಕ್ಷೆ ಆಗಲೇಬೇಕು. ಕೆಲವು ತೊಟ್ಟು ರಕ್ತದಲ್ಲಿ ವೈರಸ್ಸಿನ ಪಿ-೨೭ ಎಂಬ ಪ್ರೋಟೀನನ್ನು ಹುಡುಕುವ ಪರೀಕ್ಷೆ ಚಿಕಿತ್ಸಾಲಯದಲ್ಲಿಯೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಒಂದೇ ಪರೀಕ್ಷೆಯಿಂದ ತೀರ್ಪು ಕೊಡಬಾರದು. ಆರೋಗ್ಯವಾಗಿ ಕಾಣುವ ಬೆಕ್ಕಿನಲ್ಲಿ ಸೋಂಕು ಕಂಡುಬಂದರೆ ಮತ್ತೊಂದು ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು. ಇತ್ತೀಚೆಗೆ ಸೋಂಕಿನ ಸಂಪರ್ಕಕ್ಕೆ ಬಂದ ಬೆಕ್ಕಿನಲ್ಲಿ ಅದು ಕಾಣದಿದ್ದರೆ ಕನಿಷ್ಠ ೩೦ ದಿನಗಳ ತರುವಾಯ ಪುನಃ ಪರೀಕ್ಷಿಸಬೇಕು. ಲಸಿಕೆ ಪಡೆದ ಮಾತ್ರಕ್ಕೆ ಬೆಕ್ಕು ಈ ಪರೀಕ್ಷೆಯಲ್ಲಿ ಸೋಂಕುಳ್ಳದ್ದೆಂದು ತೋರುವುದಿಲ್ಲ. ಪರೀಕ್ಷೆ ಹುಡುಕುವುದು ಪ್ರತಿಕಾಯವನ್ನಲ್ಲ, ವೈರಸ್ಸಿನ ಅಂಶವನ್ನು.

ಎರಡನೆಯ ಪ್ರಶ್ನೆ: ಇತರ ಲಸಿಕೆಗಳು

ಲ್ಯುಕೇಮಿಯದ ಲಸಿಕೆ ವ್ಯರ್ಥವೆಂದ ಮೇಲೆ ಉಳಿದ ಲಸಿಕೆಗಳೂ ವ್ಯರ್ಥವೆಂದು ಭಾವಿಸುವುದು ಸಹಜ. ಇದು ದೊಡ್ಡ ತಪ್ಪು. ರೋಗನಿರೋಧಕ ಶಕ್ತಿ ಕುಂದಿದ ಬೆಕ್ಕಿಗೆ ಇತರ ಸೋಂಕುಗಳೇ ಮಾರಕವಾಗಬಹುದೆಂಬುದನ್ನು ಮೇಲೆ ನೋಡಿದೆವು. ರಕ್ಷಣೆ ಹೆಚ್ಚಾಗಿ ಬೇಕಾದುದು ಬಲಹೀನನಿಗಲ್ಲವೆ?

ಪ್ಯಾನ್‌ಲ್ಯೂಕೋಪೀನಿಯ ಎಂಬ ರೋಗವನ್ನು ತೆಗೆದುಕೊಳ್ಳಿ. ಇದು ಬಿಳಿಯ ರಕ್ತಕಣಗಳನ್ನೂ ಕರುಳಿನ ಒಳಪದರವನ್ನೂ ನಾಶಮಾಡುವ ಘೋರವ್ಯಾಧಿ. ಇದರ ವೈರಸ್ಸು ಲ್ಯುಕೇಮಿಯದ ವೈರಸ್ಸಿನಂತೆ ಸುಕುಮಾರವಲ್ಲ. ನೆಲದಲ್ಲಿ, ವಸ್ತುಗಳ ಮೇಲೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹೊಸಿಲು ದಾಟದ ಬೆಕ್ಕಿಗೂ ನಮ್ಮ ಪಾದರಕ್ಷೆಯ ಧೂಳಿನೊಡನೆ ಅದು ತಲುಪಬಹುದು. ಆದಕಾರಣ ಇದಕ್ಕೂ, ನೆಗಡಿ ಕೆಮ್ಮುಗಳನ್ನು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್ಸುಗಳಿಗೂ ಲಸಿಕೆಯನ್ನು ಮುಂದುವರಿಸಬೇಕೆಂಬುದು ತಜ್ಞರ ಅಭಿಪ್ರಾಯ. ಇವುಗಳಲ್ಲಿ ಎರಡು ಬಗೆಯುಂಟು: ಶಕ್ತಿ ಕುಗ್ಗಿಸಿದ ಜೀವಂತ ವೈರಸ್ಸಿನಿಂದ ಮಾಡಿದವು ಮತ್ತು ನಿರ್ಜೀವಗೊಳಿಸಿದ ವೈರಸ್ಸಿನಿಂದ ಮಾಡಿದವು. ನಿರೋಧಕ ಶಕ್ತಿ ಕುಂದಿದ ದೇಹದಲ್ಲಿ ಜೀವಂತ ವೈರಸ್ಸು ಚೇತರಿಸಿಕೊಂಡೀತೆಂಬ ಶಂಕೆಯಿಂದ, ದೊರೆಯುವಲ್ಲಿ ನಿರ್ಜೀವ ಲಸಿಕೆಯನ್ನೇ ಆರಿಸಿಕೊಳ್ಳುವುದು ವಾಡಿಕೆ. ಬೆಕ್ಕು ಜ್ವರದಿಂದಲೋ ತೀವ್ರ ಅಸ್ವಸ್ಥತೆಯಿಂದಲೋ ಮಲಗಿದ್ದರೆ ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಇಂಥ ಬೆಕ್ಕಿನಲ್ಲಿ ಲಸಿಕೆಯ ಫಲ ಕಡಿಮೆಯಾಗಿರಬಹುದೆಂಬುದನ್ನೂ ನೆನಪಿಡಬೇಕು.

ಹುಚ್ಚುನಾಯಿ ರೋಗದ ಲಸಿಕೆಯ ಮಾತು ಮತ್ತೂ ಬೇರೆ. ನಮ್ಮ ದೇಶದಲ್ಲಿ ಈ ರೋಗ ಇನ್ನೂ ನೆಲೆಸಿದೆ. ನಾಯಿಯಿಂದ ಬೆಕ್ಕಿಗೂ ಬೆಕ್ಕಿನಿಂದ ಮನುಷ್ಯರಿಗೂ ಅದು ಬರಬಲ್ಲುದು. ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತಿ ವಿರಳ. ಆದುದರಿಂದ ಇಲ್ಲಿ ಬೆಕ್ಕಿನ ಆಯುಸ್ಸೊಂದೇ ಅಲ್ಲ, ಮನೆಯವರ ಪ್ರಾಣವೂ ಅಡಕವಾಗಿದೆ.

ಲಸಿಕೆಯಿಂದ ಅಪಾಯವಿಲ್ಲವೆ?

ಇದೆ, ಆದರೆ ಅತಿ ವಿರಳ. ಬೆಕ್ಕುಗಳಲ್ಲಿ ಚುಚ್ಚುಮದ್ದು ಹಾಕಿದ ಜಾಗದಲ್ಲಿ ಕೆಲವೊಮ್ಮೆ ಕ್ಯಾನ್ಸರಿನ ಗೆಡ್ಡೆ ಬೆಳೆಯುವುದನ್ನು ೧೯೯೧ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ವರದಿ ಮಾಡಿದರು. ಹುಚ್ಚುನಾಯಿ ರೋಗದ ಮತ್ತು ಲ್ಯುಕೇಮಿಯದ ನಿರ್ಜೀವ ಲಸಿಕೆಗಳ ಮೇಲೆ ಹೆಚ್ಚಿನ ಸಂಶಯ ಬಿದ್ದಿತು. ಅಂದಾಜುಗಳು ಭಿನ್ನವಾಗಿದ್ದರೂ ಹತ್ತು ಸಾವಿರ ಚುಚ್ಚುಮದ್ದುಗಳಿಗೆ ಒಂದೆರಡು ಎಂಬ ಪ್ರಮಾಣ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಈ ಕಾರಣದಿಂದಲೇ ಚುಚ್ಚುಮದ್ದನ್ನು ಹೆಗಲುಗಳ ನಡುವೆ ಹಾಕದೆ ಕಾಲಿನ ಕೆಳಭಾಗದಲ್ಲಿ ಹಾಕಲು ಸೂಚಿಸುತ್ತಾರೆ. ಗೆಡ್ಡೆ ಬೆಳೆದರೆ ಕಾಲನ್ನು ಕತ್ತರಿಸಿಯಾದರೂ ಪ್ರಾಣವುಳಿಸಬಹುದಷ್ಟೆ. ಚುಚ್ಚಿದ ಜಾಗದ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಇಲ್ಲವೆ ಒಂದು ತಿಂಗಳ ಅನಂತರವೂ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

ಇಷ್ಟನ್ನು ತಿಳಿದಾಗ ಮೊದಲನೆಯ ಉತ್ತರ ಇನ್ನೂ ಗಟ್ಟಿಯಾಗುತ್ತದೆ. ಅಪಾಯ ಎಷ್ಟೇ ಸಣ್ಣದಿರಲಿ, ಲಾಭವೇ ಇಲ್ಲದ ಕಡೆ ಅದನ್ನು ಏಕೆ ಹೊರಬೇಕು? ಲಾಭ ದೊಡ್ಡದಾಗಿರುವ ಕಡೆ ಸಣ್ಣ ಅಪಾಯಕ್ಕೆ ಅಂಜಿ ಏಕೆ ಹಿಂಜರಿಯಬೇಕು?

ಮೂರನೆಯ ಪ್ರಶ್ನೆ: ಜೊತೆಯ ಬೆಕ್ಕುಗಳು

ಲ್ಯುಕೇಮಿಯ ಲಸಿಕೆಯ ನಿಜವಾದ ಕ್ಷೇತ್ರವಿರುವುದು ಇಲ್ಲಿ. ಮನೆಯ ಎಲ್ಲ ಬೆಕ್ಕುಗಳನ್ನೂ ಪರೀಕ್ಷಿಸಿ, ಸೋಂಕಿಲ್ಲದವುಗಳಿಗೆ ಲಸಿಕೆ ಹಾಕಿಸಬೇಕು. ಮರಿಗಳಿಗೆ ಎಂಟು ವಾರ ತುಂಬಿದ ಮೇಲೆ ಮೊದಲ ಚುಚ್ಚುಮದ್ದು, ಮೂರು ನಾಲ್ಕು ವಾರಗಳ ತರುವಾಯ ಎರಡನೆಯದು, ವರ್ಷದ ಬಳಿಕ ಮತ್ತೊಂದು ಎಂಬುದು ರೂಢಿಯ ಕ್ರಮ. ಒಂದು ವರ್ಷದೊಳಗಿನ ಬೆಕ್ಕುಗಳಿಗೆಲ್ಲ ಈ ಲಸಿಕೆ ಬೇಕೆಂದೂ, ದೊಡ್ಡವುಗಳಿಗೆ ಸೋಂಕಿನ ಸಂಭವವಿದ್ದರೆ ಮಾತ್ರ ಸಾಕೆಂದೂ ಅಮೆರಿಕದ ಪಶುವೈದ್ಯರ ೨೦೨೦ರ ಮಾರ್ಗಸೂಚಿ ಹೇಳುತ್ತದೆ.

ಆದರೆ ಲಸಿಕೆ ಪೂರ್ಣಕವಚವಲ್ಲ. ಅದು ವೈರಸ್ಸು ರಕ್ತದಲ್ಲಿ ತುಂಬಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯುತ್ತದೆಯೇ ಹೊರತು ಜೀವಕೋಶವನ್ನು ಹೊಗುವುದನ್ನು ಎಲ್ಲ ಸಂದರ್ಭಗಳಲ್ಲಿಯೂ ತಡೆಯದು. ಆದುದರಿಂದ ಸೋಂಕುಳ್ಳ ಬೆಕ್ಕನ್ನು ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲಿಟ್ಟು ಸಾಕುವುದು ಉತ್ತಮ. ಲಸಿಕೆ ಬರುವುದಕ್ಕೆ ಮೊದಲೇ, ೧೯೭೦ರ ದಶಕದಲ್ಲಿ, ಪರೀಕ್ಷಿಸಿ ಬೇರ್ಪಡಿಸುವ ಈ ಒಂದೇ ಕ್ರಮದಿಂದ ಹಲವು ಬೆಕ್ಕುಗಳ ಮನೆಗಳಲ್ಲಿ ರೋಗವನ್ನು ಹತೋಟಿಗೆ ತರಲಾಗಿತ್ತು.

ಒಂದು ಉದಾಹರಣೆ

ಒಂದು ಮನೆಯಲ್ಲಿ ಎರಡು ವರ್ಷದ ಗಂಡು ಬೆಕ್ಕೂ ಮೂರು ತಿಂಗಳ ಮರಿಯೂ ಇವೆಯೆಂದು ಭಾವಿಸೋಣ. ಗಂಡು ಬೆಕ್ಕು ಆಡಿಕೊಂಡಿದೆ, ಚೆನ್ನಾಗಿ ಉಣ್ಣುತ್ತಿದೆ. ಆದರೆ ಎರಡು ಪರೀಕ್ಷೆಗಳಲ್ಲಿಯೂ ಸೋಂಕು ಕಂಡಿದೆ. ಮರಿಯಲ್ಲಿ ಸೋಂಕು ಕಂಡಿಲ್ಲ. ಇಲ್ಲಿ ನಿರ್ಣಯವೇನು? ಗಂಡು ಬೆಕ್ಕಿಗೆ ಲ್ಯುಕೇಮಿಯದ ಲಸಿಕೆ ಬೇಡ. ಪ್ಯಾನ್‌ಲ್ಯೂಕೋಪೀನಿಯ ಮೊದಲಾದವುಗಳ ಮತ್ತು ಹುಚ್ಚುನಾಯಿ ರೋಗದ ಲಸಿಕೆಗಳು ಬೇಕು. ಅದನ್ನು ಸಂತಾನಹರಣ ಮಾಡಿಸಿ, ಬೀದಿಗೆ ಬಿಡದೆ, ವರ್ಷಕ್ಕೆರಡು ಬಾರಿಯಾದರೂ ವೈದ್ಯರಿಗೆ ತೋರಿಸಬೇಕು. ಮರಿಯನ್ನು ಕೂಡಲೆ ಬೇರ್ಪಡಿಸಬೇಕು. ಅದು ದೊಡ್ಡ ಬೆಕ್ಕಿನೊಡನೆ ಆಡಿರುವುದರಿಂದ ತಿಂಗಳ ಬಳಿಕ ಮರುಪರೀಕ್ಷೆ ಆಗಬೇಕು. ಇತರ ಲಸಿಕೆಗಳೊಡನೆ ಲ್ಯುಕೇಮಿಯದ ಲಸಿಕೆಯನ್ನೂ ಕೊಡಿಸಬೇಕು. ಆ ಲಸಿಕೆ ಹತ್ತಿರದಲ್ಲಿ ದೊರೆಯದಿದ್ದರೆ ಬೇರ್ಪಡಿಸುವುದೊಂದೇ ಅದರ ರಕ್ಷೆ.

ಹೀಗೆ ಒಂದೇ ಮನೆಯಲ್ಲಿ, ಒಂದೇ ದಿನ, ಒಂದು ಬೆಕ್ಕಿಗೆ ಬೇಡವೆಂದ ಲಸಿಕೆಯನ್ನು ಇನ್ನೊಂದಕ್ಕೆ ಬೇಕೆನ್ನುತ್ತೇವೆ. ಇದರಲ್ಲಿ ವಿರೋಧವಿಲ್ಲ. ಯಾವ ರೋಗಕ್ಕೆ, ಯಾವ ಪ್ರಾಣಿಗೆ, ಯಾವ ಕಾಲದಲ್ಲಿ ಎಂಬ ಮೂರು ಮಾತುಗಳನ್ನು ಕೇಳಿಕೊಳ್ಳದೆ ಲಸಿಕೆ ಒಳ್ಳೆಯದೆ ಕೆಟ್ಟದ್ದೆ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಸೋಂಕು ತಗುಲಿತೆಂದ ಮಾತ್ರಕ್ಕೆ ಬೆಕ್ಕಿನ ಬಾಳು ಅಂದೇ ಮುಗಿದುಹೋಗುವುದಿಲ್ಲ. ಉಳಿದ ದಿನಗಳನ್ನು ಇತರ ರೋಗಗಳಿಂದ ಕಾಪಾಡುವುದು ಸಾಕಿದವರ ಕೈಯಲ್ಲಿಯೇ ಇದೆ.