ಪಹಣಿ ಓದಲು ಕಲಿತು ಹೊರಡಿ

ಯಳಂದೂರಿನ ಹುಡುಗ ಹುಡುಗಿಯರೇ, ನಿಮ್ಮದು ಲೆಕ್ಕದವರ ಊರು. ಲೆಕ್ಕ ಬರೆಯುವ ಕೆಲಸದಿಂದ ಮೇಲೇರಿ ಮೈಸೂರಿನ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ್ದು ಇದೇ ಯಳಂದೂರು. ಡೇಟಾ ಸೈನ್ಸ್ ಓದಿ ಬೆಂಗಳೂರಿನ ಕಂಪನಿಯತ್ತ ಮಾತ್ರ ನೋಡುತ್ತಿರುವ ನಿಮಗೆ ಹೇಳುತ್ತೇನೆ, ಸರ್ಕಾರದ ಕಡೆಗೂ ಒಮ್ಮೆ ನೋಡಿ.

ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ವೃತ್ತಿಜೀವನವನ್ನು ಗಮನಿಸಿ. ಕರ್ನಾಟಕದ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯ ಹೊಣೆ ಹೊತ್ತವರು ಅವರು. ಅದಕ್ಕೆ ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ, ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಬೆಳೆ ಸಾಲಕ್ಕೆ ಒಂದು ನಕಲು ಬೇಕಾದರೆ ರೈತ ಅವರನ್ನು ಹುಡುಕಿ ಅಲೆಯಬೇಕಿತ್ತು, ಅನೇಕ ಕಡೆ ಅವರ ಕೈಯನ್ನೂ ಬಿಸಿ ಮಾಡಬೇಕಿತ್ತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ನಕಲು ಸಿಗತೊಡಗಿತು.

ಸಾಫ್ಟ್‌ವೇರ್ ಬರೆಯುವುದು ಆ ಕೆಲಸದ ಚಿಕ್ಕ ಭಾಗ. ಹಳೆಯ ಪುಸ್ತಕದೊಂದಿಗೆ ಒಂದೊಂದು ನಮೂದನ್ನೂ ತಾಳೆ ನೋಡಿದ್ದು, ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗುವಂತೆ ಮಾಡಿದ್ದು, ಮ್ಯುಟೇಷನ್ (ಖಾತೆ ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ಕಟ್ಟಿದ್ದು, ಕೊನೆಗೆ ಕೈಬರಹದ ಪಹಣಿ ಚಲಾವಣೆಯಲ್ಲಿಲ್ಲ ಎಂದು ಸಾರಿದ್ದು ದೊಡ್ಡ ಕೆಲಸ. ಮುಂದೆ ಚಾವ್ಲಾ ಅವರು ಕೃಷಿ ಮಾರುಕಟ್ಟೆಯ ಆನ್‌ಲೈನ್ ವಹಿವಾಟಿಗೆ, ರೈತರನ್ನು ನೋಂದಾಯಿಸುವ ಫ್ರೂಟ್ಸ್ ವ್ಯವಸ್ಥೆಯ ಗುರುತಿನ ಸಂಖ್ಯೆಗೆ, ಆಮೇಲೆ ಕೇಂದ್ರ ಕೃಷಿ ಸಚಿವಾಲಯದ ಮುಖ್ಯ ಜ್ಞಾನಾಧಿಕಾರಿ ಹುದ್ದೆಗೆ ಹೋದರು. ಹುದ್ದೆ ಬದಲಾದರೂ ಲೆಕ್ಕದ ನಡುವೆ ಇದ್ದವನು ಅದೇ ರೈತ.

ಇನ್ನೊಂದು ಮಾತು ಮರೆಯಬೇಡಿ. ಪುಸ್ತಕದ ತಪ್ಪು ಕಂಪ್ಯೂಟರಿಗೆ ಹೋದರೆ ಅದು ಅಚ್ಚುಕಟ್ಟಾದ ತಪ್ಪಾಗುತ್ತದೆ, ಅಷ್ಟೆ. ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ ಖಾತೆ, ಅಳೆದು ಬೇರ್ಪಡಿಸದ, ಅಂದರೆ ಪೋಡಿಯಾಗದ ಹಿಸ್ಸೆ, ಹೊಲದಲ್ಲಿ ದುಡಿಯುತ್ತಿದ್ದರೂ ಯಾವ ಕಾಲಂನಲ್ಲೂ ಹೆಸರಿಲ್ಲದ ಹೆಣ್ಣುಮಗಳು, ಇವೆಲ್ಲ ನಿಮ್ಮ ಓಣಿಯಲ್ಲೇ ಸಿಗುತ್ತವೆ. ದಾಖಲೆಯ ಹೊರಗೇ ಉಳಿದಿದ್ದ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನ ಸೋಲಿಗರನ್ನೂ ನೋಡಿ. ಅವರ ಕಾಡಿಗೆ ಪಹಣಿ ಇರಲಿಲ್ಲ. ಸಂಶೋಧಕರ ಜೊತೆ ನಡೆದು ತಮ್ಮ ದೇವರ ನೆಲೆಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ಅವರು ನಕ್ಷೆ ಮಾಡಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಾಲಂನಲ್ಲಿ ಇಲ್ಲದವರನ್ನು ಹುಡುಕುವುದೂ ದತ್ತಾಂಶದ ಕೆಲಸವೇ.

ಆದ್ದರಿಂದ ದೊಡ್ಡ ಹುದ್ದೆಯ ಆಸೆ ಇರುವವರು ಮೊದಲು ನಾಡಕಚೇರಿಯ ಬೆಂಚಿನ ಮೇಲೆ ಕೂತು ಜನ ಏನು ಕೇಳಿಕೊಂಡು ಬರುತ್ತಾರೆ ಎಂದು ಆಲಿಸಿ. ಆಕಾರಬಂದ್, ಟಿಪ್ಪಣಿ, ಪವತಿ ಖಾತೆ ಏನೆಂದು ಅಲ್ಲಿಯ ನೌಕರರಿಂದಲೇ ಕಲಿಯಿರಿ. ಕಟ್ಟಿದ ವ್ಯವಸ್ಥೆಯನ್ನು ಕನ್ನಡದಲ್ಲಿ ಬರೆದಿಡಿ. ನಿಮಗೆ ವರ್ಗವಾದ ಮರುದಿನವೂ ಅದು ನಡೆಯಬೇಕು. ಜನರ ಮಾಹಿತಿಯನ್ನು ಬೇಕಾದಷ್ಟೇ ಕೇಳಿ, ಕೇಳಿದ್ದನ್ನು ಕಾಪಾಡಿ.

ಇಂದು ಸಂಜೆ ಮನೆಯ ಪಹಣಿ ತೆಗೆಸಿ ಓದಿ. ಅದರಲ್ಲಿ ತಪ್ಪಿದ್ದರೆ ನಾಳೆಯೇ ತಿದ್ದುಪಡಿಗೆ ಅರ್ಜಿ ಹಾಕಿ. ನಿಮ್ಮ ವೃತ್ತಿಯ ಮೊದಲ ಪಾಠ ಅಲ್ಲೇ ಇದೆ.